ಬಿಡಾರದ ಒಲೆ

ಪರೀಕ್ಷೆಗಳು ಮುಗಿದು ಬೇಸಗೆಯ ಬಿಡುವು ಹತ್ತಿರವಾಯಿತೆಂದರೆ ನಮ್ಮ ಮಾಧವರಂ, ಕೌತಾಳಂ, ಆದವಾನಿ ಕಡೆಯ ಕನ್ನಡ ಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಈ ಕಡುಬಿಸಿಲಿನಿಂದ ನಾಲ್ಕು ದಿನವಾದರೂ ತಪ್ಪಿಸಿಕೊಳ್ಳಬೇಕೆಂಬ ಆಸೆ ಯಾರಿಗಿಲ್ಲ? ಒಬ್ಬರು ಮೈಸೂರು ಎನ್ನುತ್ತಾರೆ, ಇನ್ನೊಬ್ಬರು ಗೋಕರ್ಣ ಎನ್ನುತ್ತಾರೆ, ಮಕ್ಕಳು ಉದಕಮಂಡಲವೇ ಆಗಬೇಕೆಂದು ಹಠ ಹಿಡಿಯುತ್ತಾರೆ. ಊರು ಗೊತ್ತಾದ ಮೇಲೆ ಏಳುವ ಪ್ರಶ್ನೆಗಳು ಎರಡು: ಇಳಿದುಕೊಳ್ಳುವುದು ಎಲ್ಲಿ? ಊಟದ ವ್ಯವಸ್ಥೆ ಏನು? ಈ ಎರಡಕ್ಕೂ ಒಂದೇ ಉತ್ತರವಾಗಿ ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವುದು ಅಡುಗೆಮನೆಯುಳ್ಳ ಬಾಡಿಗೆಯ ಬಿಡಾರ. ಎರಡು ದಿನಕ್ಕೋ ಒಂದು ವಾರಕ್ಕೋ ಇಡೀ ಮನೆಯನ್ನು ಹಿಡಿದು, ಒಲೆ, ಪಾತ್ರೆ, ನೀರು ಎಲ್ಲವನ್ನೂ ಅಲ್ಲಿಯೇ ಪಡೆದು, ತಮ್ಮ ಅಡುಗೆಯನ್ನು ತಾವೇ ಮಾಡಿಕೊಂಡು ಇರುವ ಕ್ರಮವಿದು.

ಇದರ ಲಾಭಗಳನ್ನು ಮನೆಯ ಗಂಡಸರು ಬೆರಳು ಮಡಿಚಿ ಎಣಿಸಬಲ್ಲರು. ಹೋಟೆಲಿನ ಖರ್ಚು ಉಳಿಯಿತು. ಮಕ್ಕಳ ಹೊಟ್ಟೆ ಕೆಡಲಿಲ್ಲ. ಅಜ್ಜನಿಗೆ ಬೇಕಾದ ಮೆತ್ತನೆಯ ಅನ್ನ, ಅಜ್ಜಿಗೆ ಬೇಕಾದ ಉಪ್ಪಿಲ್ಲದ ಪಲ್ಯ ಹೊತ್ತಿಗೆ ಸರಿಯಾಗಿ ದೊರೆಯಿತು. ಎಲ್ಲವೂ ನಿಜ. ಆದರೆ ಈ ಎಣಿಕೆ ನಡೆಯುವಾಗ ಮನೆಯಾಕೆ ಬಹುಮಟ್ಟಿಗೆ ಮೌನವಾಗಿರುತ್ತಾಳೆ. ಊರಲ್ಲಿ ಐದಕ್ಕೆ ಎದ್ದು ಒಲೆ ಹಚ್ಚುತ್ತಿದ್ದವಳು ಉದಕಮಂಡಲದಲ್ಲಿಯೂ ಐದಕ್ಕೆ ಎದ್ದು ಒಲೆ ಹಚ್ಚಬೇಕಾದರೆ ಅವಳ ಪಾಲಿಗೆ ಬದಲಾದದ್ದು ಚಳಿ ಮಾತ್ರ. ಮಕ್ಕಳು ಕೆರೆಯಲ್ಲಿ ದೋಣಿ ಹತ್ತಿದಾಗ ಆಕೆ ಕುಕ್ಕರಿನ ಸೀಟಿ ಎಣಿಸುತ್ತಿರುತ್ತಾಳೆ. ಆದುದರಿಂದ ಈ ತಿಂಗಳು ಬಿಡಾರದ ಒಲೆಯ ವಿಚಾರವನ್ನು ಅದರ ಲಾಭ, ಅಪಾಯ, ಮರ್ಯಾದೆ ಸಹಿತವಾಗಿ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ. ಮುಖ್ಯವಾಗಿ, ಆ ಒಲೆಯನ್ನು ಯಾರು ಹಚ್ಚಬೇಕೆಂಬುದು ನಮ್ಮ ಪ್ರಶ್ನೆ.

ಹಳೆಯ ಸ್ವಯಂಪಾಕ

ಪರಸ್ಥಳದಲ್ಲಿ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುವುದು ನಮಗೆ ಹೊಸದಲ್ಲ. ಅದಕ್ಕೆ ನಮ್ಮ ಭಾಷೆಯಲ್ಲಿ ‘ಸ್ವಯಂಪಾಕ’ವೆಂಬ ಅಚ್ಚುಕಟ್ಟಾದ ಹೆಸರೇ ಇದೆ. ಹೋಟೆಲುಗಳಿಲ್ಲದ ಕಾಲದಲ್ಲಿ ಯಾತ್ರಿಕನು ಛತ್ರದಲ್ಲಿ ತಂಗುತ್ತಿದ್ದನು. ಕೆಲವು ಛತ್ರಗಳಲ್ಲಿ ಬೇಯಿಸಿದ ಅನ್ನ ದೊರೆಯುತ್ತಿತ್ತು. ಕೆಲವೆಡೆ ಅಕ್ಕಿ, ಬೇಳೆ, ಉಪ್ಪು, ಮೆಣಸಿನಕಾಯಿಗಳನ್ನು ಪಡಿಯಾಗಿ ಅಳೆದು ಕೊಡುತ್ತಿದ್ದರು. ಉಳಿದ ಕಡೆ ನೆರಳು, ಬಾವಿ, ಮೂರು ಕಲ್ಲಿನ ಒಲೆ ಇಷ್ಟೇ. ಬೇಕಾದ ದಿನಸಿಯನ್ನು ಅಂಗಡಿಯಿಂದ ತಂದುಕೊಳ್ಳಬೇಕಾಗಿತ್ತು.

ಆ ಕಾಲದ ಪ್ರಯಾಣದ ವಿವರವಾದ ಚಿತ್ರ ಬೇಕೆಂದರೆ ತೆಲುಗಿನ ‘ಕಾಶೀಯಾತ್ರಾ ಚರಿತ್ರ’ವನ್ನು ನೋಡಬಹುದು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯವರು 1830ರ ಮೇ ತಿಂಗಳಲ್ಲಿ ದೊಡ್ಡ ಪರಿವಾರದೊಂದಿಗೆ ಕಾಶಿಗೆ ಹೊರಟು 1831ರ ಸೆಪ್ಟೆಂಬರಿನಲ್ಲಿ ಹಿಂತಿರುಗಿದರು. ಅವರ ದಾರಿ ಅಹೋಬಲ, ಶ್ರೀಶೈಲಗಳ ಮೂಲಕ ಹಾದುಹೋಗಿತ್ತು. ಈ ಎರಡು ಕ್ಷೇತ್ರಗಳು 2022ರವರೆಗೆ ನಮ್ಮ ಕರ್ನೂಲು ಜಿಲ್ಲೆಯಲ್ಲಿದ್ದು ಈಗ ನಂದ್ಯಾಲ ಜಿಲ್ಲೆಗೆ ಸೇರಿವೆ. ಅವರು ಊರೂರಿನಲ್ಲಿಯೂ ಗಮನಿಸಿ ಬರೆದಿಟ್ಟದ್ದು ದೇವರ ಮಹಿಮೆಯನ್ನು ಮಾತ್ರವಲ್ಲ. ಇಳಿದುಕೊಳ್ಳಲು ಸ್ಥಳವಿದೆಯೇ, ನೀರು ಹೇಗಿದೆ, ಅಡುಗೆಗೆ ಬೇಕಾದ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದನ್ನೂ ಅವರು ಮುಂದಿನ ಯಾತ್ರಿಕರಿಗೆ ತಿಳಿಸಿದ್ದಾರೆ. ಸುಮಾರು ಇನ್ನೂರು ವರ್ಷಗಳ ಅನಂತರ ನಾವು ಮನೆ ಹಿಡಿಯುವ ಮುನ್ನ ಕೇಳುವ ಪ್ರಶ್ನೆಗಳೂ ಇವೇ.

ಕನ್ನಡನಾಡಿನಲ್ಲಿ ಛತ್ರ ಕಟ್ಟಿಸುವುದು ಅರಸರಿಂದ ಹಿಡಿದು ವರ್ತಕರವರೆಗೆ ಎಲ್ಲರೂ ಪುಣ್ಯವೆಂದು ಭಾವಿಸಿದ ಕೆಲಸವಾಗಿತ್ತು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರವನ್ನು ಅರಿಯದ ಹಿರಿಯರು ವಿರಳ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೈಲಿನಿಂದ ಇಳಿದ ಪರಸ್ಥಳದವನಿಗೆ ಅಂಥ ಸೂರು ಎಷ್ಟು ದೊಡ್ಡ ಆಸರೆಯೆಂಬುದನ್ನು ಇಂದು ಊಹಿಸುವುದೂ ಕಷ್ಟ.

ಆದರೆ ಹಳೆಯದನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಯಬಾರದು. ಅಂದಿನ ಸ್ವಯಂಪಾಕಕ್ಕೆ ಮಡಿಯೂ ಜಾತಿಯೂ ದೊಡ್ಡ ಕಾರಣಗಳಾಗಿದ್ದವು. ಇನ್ನೊಬ್ಬರ ಕೈಯ ಅನ್ನ ಸಲ್ಲದೆಂಬ ಭಾವನೆಯಿಂದಲೇ ಒಲೆಗಳು ಬೇರೆಯಾಗಿದ್ದವು. ಅನೇಕರಿಗೆ ಛತ್ರದ ಬಾಗಿಲೇ ತೆರೆಯುತ್ತಿರಲಿಲ್ಲ. ಆ ಕಾರಣವನ್ನು ನಾವು ಬಿಟ್ಟುಬಿಡುವುದೇ ಒಳ್ಳೆಯದು. ಉಳಿಸಿಕೊಳ್ಳಬೇಕಾದ ಸಂಗತಿ ಬೇರೊಂದಿದೆ. ಮಡಿಯ ಗಂಡಸು ಯಾತ್ರೆಗೆ ಹೊರಟಾಗ ತನ್ನ ಅನ್ನವನ್ನು ತಾನೇ ಬಸಿದುಕೊಳ್ಳುತ್ತಿದ್ದನು. ಧಾರವಾಡಕ್ಕೋ ಮೈಸೂರಿಗೋ ಓದಲು ಹೋದ ಬಡ ಹುಡುಗರು ಒಂದು ಕೋಣೆ ಹಿಡಿದು, ಸರದಿಯ ಮೇಲೆ ಸಾರು ಕುದಿಸಿ ಉಂಡು ದೊಡ್ಡವರಾದರು. ಮಠಗಳ ಪಾಕಶಾಲೆಗಳಲ್ಲಿ, ಮದುವೆಯ ಮನೆಗಳಲ್ಲಿ, ಉಡುಪಿಯವರ ಹೋಟೆಲುಗಳಲ್ಲಿ ಸೌಟು ಹಿಡಿದವರೂ ಗಂಡಸರೇ. ಹೀಗಿರುವಾಗ ಅಡುಗೆ ಗಂಡಸರ ಕೈಗೆ ಹತ್ತದ ವಿದ್ಯೆಯೆಂದು ಹೇಳುವಂತಿಲ್ಲ. ಸ್ವಯಂಪಾಕವೆಂದರೆ ತಾನೇ ಬೇಯಿಸಿಕೊಳ್ಳುವುದು; ಹೆಂಡತಿಯನ್ನು ಕರೆದೊಯ್ದು ಬೇಯಿಸಿಕೊಳ್ಳುವುದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಹೊಳೆಯ ಈಚೆ, ಹೊಳೆಯ ಆಚೆ

ನಮ್ಮದು ದಾರಿಯ ಮೇಲಿನ ಸೀಮೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಉಳಿದವು ಮೈಸೂರು ರಾಜ್ಯಕ್ಕೆ ಸೇರಿದವು. ಅಂದಿನಿಂದ ನಮ್ಮ ನಂಟರು ಹೊಳೆಯ ಆಚೆಗೂ ಈಚೆಗೂ ಹಂಚಿಹೋಗಿದ್ದಾರೆ. ರಾಯಚೂರಿನಿಂದ ಬರುವ ಯಾತ್ರಿಕನು ಮಾಧವರಂ ಬಳಿ ತುಂಗಭದ್ರೆಯನ್ನು ದಾಟಿ ಮಂತ್ರಾಲಯಕ್ಕೆ ಹೋಗುತ್ತಾನೆ. 1671ರಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶ ಮಾಡಿದ ಆ ಮಂಚಾಲೆ ಗ್ರಾಮಕ್ಕೆ ಕನ್ನಡ ನಾಡಿನ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಯುಗಾದಿಯ ಮುನ್ನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆಂದು ಉತ್ತರ ಕರ್ನಾಟಕದ ಸಾವಿರಾರು ಭಕ್ತರು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಬರಿಗಾಲಿನಲ್ಲಿ ನಡೆದು ನಲ್ಲಮಲೆಯ ಅಡವಿಯನ್ನು ಹೊಗುತ್ತಾರೆ. ದಾರಿಯುದ್ದಕ್ಕೂ ಊರಿನವರು ಅವರಿಗೆ ಮಜ್ಜಿಗೆ, ರೊಟ್ಟಿ, ಅನ್ನ ನೀಡುತ್ತಾರೆ.

ಈ ದೃಶ್ಯಗಳನ್ನು ವರ್ಷವರ್ಷವೂ ಕಾಣುವ ನಮಗೆ ಪರಸ್ಥಳದ ಊಟದ ಎರಡು ರೀತಿಗಳೂ ಪರಿಚಿತ. ಒಂದು, ಅನ್ನ ಸಂತರ್ಪಣೆ: ಮಂತ್ರಾಲಯದ ಮಠದಲ್ಲಿಯೂ ಶ್ರೀಶೈಲದ ಸತ್ರಗಳಲ್ಲಿಯೂ ಸಾವಿರಾರು ಜನರು ಒಟ್ಟಿಗೆ ಕುಳಿತು ಉಣ್ಣುತ್ತಾರೆ, ಅಲ್ಲಿ ಯಾತ್ರಿಕರ ಮನೆಯ ಯಾವ ಹೆಂಗಸೂ ಒಲೆಯ ಮುಂದೆ ಬೇಯಬೇಕಾಗಿಲ್ಲ. ಇನ್ನೊಂದು, ತನ್ನ ಬುತ್ತಿ, ತನ್ನ ಒಲೆ. ಈ ಎರಡನ್ನೂ ಬೆರೆಸಿ ಬಳಸುವುದೇ ಜಾಣತನ. ಕ್ಷೇತ್ರಕ್ಕೆ ಹೋದಾಗ ಮಧ್ಯಾಹ್ನದ ಪ್ರಸಾದವನ್ನು ಪಂಕ್ತಿಯಲ್ಲಿ ಉಂಡು, ರಾತ್ರಿಗೆ ಮಾತ್ರ ಕೋಣೆಯಲ್ಲಿ ಗಂಜಿಯನ್ನೋ ಉಪ್ಪಿಟ್ಟನ್ನೋ ಮಾಡಿಕೊಂಡರೆ ಹೊಟ್ಟೆಗೂ ಹಿತ, ಮನೆಯಾಕೆಗೂ ಹಿತ.

ಬಾಡಿಗೆಯ ಮನೆಗಳ ಬಗೆ

ಇಂದು ‘ಹೋಂಸ್ಟೇ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವ್ಯವಸ್ಥೆಗಳು ನಡೆಯುತ್ತಿರುವುದನ್ನು ಗಮನಿಸಬೇಕು. ಕೊಡಗು, ಮಲೆನಾಡುಗಳಲ್ಲಿ ಹೆಚ್ಚಾಗಿ ಮನೆಯೊಡೆಯರೇ ಅಡುಗೆ ಮಾಡಿ ಬಡಿಸುತ್ತಾರೆ. ಅಕ್ಕಿರೊಟ್ಟಿ, ಕಡುಬುಗಳ ರುಚಿಯೇ ಅಲ್ಲಿಯ ಆಕರ್ಷಣೆ. ಇನ್ನು ಕೆಲವೆಡೆ ಮನೆಯ ಬೀಗದ ಕೈ ಕೊಟ್ಟು ಒಡೆಯರು ಹೊರಟುಹೋಗುತ್ತಾರೆ. ಒಲೆ ನಿಮ್ಮದು, ಅಡುಗೆ ನಿಮ್ಮದು. ಮುಂಗಡ ಕೊಡುವ ಮುನ್ನ ಇದು ಯಾವ ಬಗೆಯೆಂಬುದನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಬೇರೆ ದೇಶಗಳಲ್ಲಿ ಈ ಎರಡನೆಯ ಬಗೆಯು ದೊಡ್ಡ ಪದ್ಧತಿಯಾಗಿಯೇ ಬೆಳೆದಿದೆ. ಎರಡನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನ ಹಳ್ಳಿಗಳಿಂದ ಜನರು ಪಟ್ಟಣಗಳಿಗೆ ವಲಸೆ ಹೋಗಿ ಮನೆಗಳು ಪಾಳು ಬೀಳತೊಡಗಿದವು. ಅವನ್ನು ದುರಸ್ತಿ ಮಾಡಿಸಿ, ಅಡುಗೆಮನೆ ಸಹಿತ ಪಟ್ಟಣದ ಸಂಸಾರಗಳಿಗೆ ರಜೆಯ ದಿನಗಳಲ್ಲಿ ಬಾಡಿಗೆಗೆ ಕೊಡುವ ‘ಝೀಟ್’ ಎಂಬ ವ್ಯವಸ್ಥೆ 1951ರಲ್ಲಿ ಆರಂಭವಾಯಿತು. 1955ರಲ್ಲಿ ಅದಕ್ಕೊಂದು ರಾಷ್ಟ್ರೀಯ ಒಕ್ಕೂಟವೂ ಏರ್ಪಟ್ಟಿತು. ರೈತನಿಗೆ ಆದಾಯ, ಮನೆಗೆ ಆಯುಷ್ಯ, ಸಾಮಾನ್ಯ ಸಂಸಾರಕ್ಕೆ ಕೈಗೆಟಕುವ ರಜೆ, ಹೀಗೆ ಮೂರೂ ಕೂಡಿಬಂದವು. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಏರ್‌ಬಿಎನ್‌ಬಿ ಸಂಸ್ಥೆಯು ಇಂಥ ಮನೆಗಳನ್ನು ದೂರವಾಣಿಯ ಪರದೆಯ ಮೇಲೆಯೇ ಆರಿಸಿ ಹಿಡಿಯುವ ಅನುಕೂಲವನ್ನು ಜಗತ್ತಿಗೆಲ್ಲ ಹರಡಿತು. ಮಕ್ಕಳನ್ನು ನೋಡಲೆಂದು ಹೊರದೇಶಕ್ಕೆ ಹೋದ ನಮ್ಮ ತಾಯಿ ತಂದೆಯರು ಅಲ್ಲಿಯ ಪ್ರವಾಸದಲ್ಲಿ ಇಂಥ ಮನೆಗಳನ್ನೇ ಮೆಚ್ಚುತ್ತಾರೆ. ಅನ್ನ ಸಾರಿಲ್ಲದೆ ದಿನ ಕಳೆಯದವರಿಗೆ ಒಂದು ಒಲೆಯೇ ದೊಡ್ಡ ಧೈರ್ಯ.

ರಜೆಗೆ ಸಂಬಂಧಿಸದಿದ್ದರೂ ಇಲ್ಲಿ ಮರೆಯಬಾರದ ಇನ್ನೊಂದು ಬಿಡಾರವಿದೆ. ರೋಗಿಯನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಯ ಊರಿಗೆ ಹೋದವರು ವಾರಗಟ್ಟಲೆ ತಂಗಬೇಕಾಗುತ್ತದೆ. ವೆಲ್ಲೂರಿನಂಥ ಊರಿನಲ್ಲಿ ಆಸ್ಪತ್ರೆಯ ಸುತ್ತಮುತ್ತಲ ಬೀದಿಗಳಲ್ಲಿ ಅಡುಗೆಗೆ ಅವಕಾಶವಿರುವ ಕೋಣೆಗಳೂ ಬಾಡಿಗೆಯ ಒಲೆ ಪಾತ್ರೆಗಳೂ ದೊರೆಯುತ್ತವೆ. ಪಥ್ಯದ ಅನ್ನ, ಸೋಸಿದ ಸಾರು, ಕಾಯಿಸಿ ಆರಿಸಿದ ನೀರು ಇವು ಔಷಧದಷ್ಟೇ ಮುಖ್ಯವಾದ ಕಾಲದಲ್ಲಿ ಅಂಥ ಒಲೆಯ ಬೆಲೆಯನ್ನು ಹಣದಿಂದ ಅಳೆಯಲಾಗದು. ಆದರೆ ಅಲ್ಲಿಯೂ ರೋಗಿಯ ಬಳಿ ರಾತ್ರಿ ಎಚ್ಚರವಿದ್ದ ಹೆಂಗಸೇ ಬೆಳಗ್ಗೆ ಒಲೆಯ ಮುಂದೆ ನಿಲ್ಲಬೇಕೆಂದರೆ, ಒಬ್ಬರ ಜೊತೆಗೆ ಇನ್ನೊಬ್ಬರೂ ಹಾಸಿಗೆ ಹಿಡಿಯುವ ಭಯವುಂಟು.

ಒಲೆಯ ಸರದಿ

ಮುಖ್ಯ ವಿಷಯಕ್ಕೆ ಬರೋಣ. ಬಿಡಾರದಲ್ಲಿ ಅಡುಗೆ ಯಾರು ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ಹೊರಡುವ ಮುನ್ನವೇ ಮನೆಯವರೆಲ್ಲ ಕುಳಿತು ತೀರ್ಮಾನಿಸುವುದು ಲೇಸು. ಅಲ್ಲಿ ಹೋದ ಮೇಲೆ ನೋಡಿಕೊಳ್ಳೋಣವೆಂದರೆ ಭಾರವು ತಾನಾಗಿಯೇ ಹಳೆಯ ಹೆಗಲಿಗೆ ಬಂದು ಕೂಡುತ್ತದೆ.

ಮೊದಲನೆಯ ನಿಯಮ: ದಿನಕ್ಕೆ ಒಂದೇ ಹೊತ್ತಿನ ಪೂರ್ಣ ಅಡುಗೆ. ಬೆಳಗಿನ ತಿಂಡಿ ಸರಳವಾಗಿರಲಿ. ಮಧ್ಯಾಹ್ನ ತಿರುಗಾಟದಲ್ಲಿಯೇ ಎಲ್ಲಾದರೂ ಉಣ್ಣಲಿ. ರಾತ್ರಿ ಬಿಡಾರದಲ್ಲಿ ಬಿಸಿ ಅನ್ನ, ಒಂದು ಸಾರು, ಒಂದು ಪಲ್ಯ ಇಷ್ಟಾದರೆ ಸಾಕು. ಮನೆಯಲ್ಲಿ ಮಾಡುವ ಐದು ಬಗೆಯನ್ನು ಅಲ್ಲಿಯೂ ಮಾಡಿದರೆ ಪ್ರವಾಸ ಮಾಡಿದಂತಾಗುವುದಿಲ್ಲ.

ಎರಡನೆಯದು: ಬೆಳಗಿನ ಒಲೆ ಗಂಡಸರದು. ನಮ್ಮ ಸೀಮೆಯ ಉಗ್ಗಾಣಿಗಿಂತ ಸುಲಭವಾದ ತಿಂಡಿ ಯಾವುದಿದೆ? ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿಯ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡಿದರಾಯಿತು. ಹತ್ತು ನಿಮಿಷದ ಕೆಲಸ. ಮಿರ್ಚಿ ಬಜ್ಜಿಯನ್ನು ಮಾತ್ರ ಆದವಾನಿಗೆ ಮರಳಿದ ಮೇಲೆ ತಿನ್ನಬಹುದು; ಬಾಡಿಗೆಯ ಮನೆಯಲ್ಲಿ ಎಣ್ಣೆ ಕಾಯಿಸುವ ಉಸಾಬರಿ ಬೇಡ.

ಮೂರನೆಯದು: ಸಂತೆ ಮಕ್ಕಳದು. ಪರ ಊರಿನ ತರಕಾರಿ ಮಾರುಕಟ್ಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ನಮ್ಮ ಗಡಿಯ ಮಕ್ಕಳಿಗೆ ಬದನೆಕಾಯಿಯೂ ಗೊತ್ತು, ವಂಕಾಯಯೂ ಗೊತ್ತು. ತಮಿಳುನಾಡಿಗೆ ಹೋದಾಗ ಕತ್ತರಿಕ್ಕಾಯಿ ಎಂಬ ಮೂರನೆಯ ಹೆಸರನ್ನು ಅವರು ಎಷ್ಟು ಬೇಗ ಕಲಿತು ಚೌಕಾಸಿಗೆ ನಿಲ್ಲುತ್ತಾರೆಂಬುದನ್ನು ನೋಡಿಯೇ ಸಂತೋಷಪಡಬೇಕು. ಎರಡು ಭಾಷೆಗಳ ನಡುವೆ ಬೆಳೆದದ್ದು ಕೊರತೆಯಲ್ಲ, ಬಂಡವಾಳವೆಂಬುದು ಅವರಿಗೆ ಅಂಥಲ್ಲಿ ತಿಳಿಯುತ್ತದೆ.

ನಾಲ್ಕನೆಯದು: ಪಾತ್ರೆ ತೊಳೆಯುವುದು ಉಂಡವರೆಲ್ಲರ ಕೆಲಸ. ಅವರವರ ತಟ್ಟೆ ಅವರವರದು. ದೊಡ್ಡ ಪಾತ್ರೆಗಳಿಗೆ ಸರದಿ.

ಐದನೆಯದು: ತಂಗುವ ದಿನಗಳಲ್ಲಿ ಒಂದು ದಿನ ಮನೆಯಾಕೆ ಅಡುಗೆಮನೆಯ ಹೊಸಿಲು ದಾಟಕೂಡದು. ಸಾರಿಗೆ ಉಪ್ಪು ಹೆಚ್ಚಾಗಲಿ, ಅನ್ನ ಸೀಯಲಿ, ಆಕೆ ಎದ್ದು ಹೋಗಿ ಸರಿಪಡಿಸಬಾರದು. ಇದು ಗಂಡಸರಿಗಿಂತ ಗೃಹಿಣಿಯರಿಗೇ ಕಠಿಣವಾದ ನಿಯಮವೆಂದು ನಾವು ಬಲ್ಲೆವು. ‘ಅವರಿಗೆ ಏನೂ ಬರುವುದಿಲ್ಲ, ನಾನೇ ಮಾಡಿಬಿಡುತ್ತೇನೆ’ ಎಂಬ ಮಾತು ಮಮತೆಯಿಂದಲೇ ಬರುತ್ತದೆ. ಆದರೆ ಆ ಮಮತೆಯಿಂದಾಗಿಯೇ ಗಂಡುಮಕ್ಕಳು ಕಲಿಯದೆ ಉಳಿಯುತ್ತಾರೆ. ನಾಳೆ ಆ ಮಗನೇ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿ ಕೋಣೆ ಹಿಡಿದಾಗ, ಬಿಡಾರದಲ್ಲಿ ಕಲಿತ ಅನ್ನ ಸಾರು ಅವನನ್ನು ಕಾಯುತ್ತದೆ.

ಕೇಳಬೇಕಾದ್ದು, ಒಯ್ಯಬೇಕಾದ್ದು

‘ಅಡುಗೆಮನೆ ಇದೆ’ ಎಂಬ ಒಂದು ಮಾತನ್ನು ನಂಬಿ ಹೋಗಬಾರದು. ಒಲೆ ಅನಿಲದ್ದೋ ವಿದ್ಯುತ್ತಿನದೋ? ಸಿಲಿಂಡರಿನ ಹಣ ಬಾಡಿಗೆಯಲ್ಲಿಯೇ ಸೇರಿದೆಯೋ ಬೇರೆಯೋ? ಎಷ್ಟು ಜನರಿಗಾಗುವಷ್ಟು ಪಾತ್ರೆಗಳಿವೆ? ಕುಡಿಯುವ ನೀರು ಯಾವುದು? ಮಿಕ್ಸಿ, ಫ್ರಿಜ್ ಇವೆಯೇ? ಮಾಂಸದ ಅಡುಗೆಗೆ ನಿರ್ಬಂಧವಿದೆಯೇ? ದಿನಸಿ ಅಂಗಡಿ ಎಷ್ಟು ದೂರ? ಬಿಡುವಾಗ ಶುಚಿ ಮಾಡುವ ಹೊಣೆ ಯಾರದು? ಈ ಎಂಟು ಪ್ರಶ್ನೆಗಳಿಗೆ ಮೊದಲೇ ಉತ್ತರ ಪಡೆದುಕೊಂಡರೆ ಮುಂದಿನ ಜಗಳಗಳು ತಪ್ಪುತ್ತವೆ. ವಿದ್ಯುತ್ತಿನ ಇಂಡಕ್ಷನ್ ಒಲೆಯಾದರೆ ಅದರ ಮೇಲೆ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳು ಸಾಮಾನ್ಯವಾಗಿ ಕಾಯುವುದಿಲ್ಲವೆಂಬುದನ್ನು ನೆನಪಿಡಬೇಕು. ತಳಕ್ಕೆ ಅಯಸ್ಕಾಂತ ಅಂಟಿಕೊಳ್ಳುವ ಪಾತ್ರೆಯೇ ಆಗಬೇಕು.

ಒಯ್ಯುವ ಸಾಮಾನಿನ ವಿಷಯದಲ್ಲಿ ನಮ್ಮ ಹಿರಿಯರ ಬುತ್ತಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಜೋಳದ ಖಡಕ್ ರೊಟ್ಟಿ, ಸಜ್ಜೆಯ ರೊಟ್ಟಿ, ಶೇಂಗಾ, ಗುರೆಳ್ಳು, ಅಗಸೆಯ ಚಟ್ನಿಪುಡಿಗಳು, ಹುಣಸೆಯ ಗೊಜ್ಜು ಇವು ಹಲವು ದಿನ ಕೆಡುವುದಿಲ್ಲ. ಏಕೆಂದರೆ ಒಣ ರೊಟ್ಟಿ, ಪುಡಿಗಳಲ್ಲಿ ತೇವವಿಲ್ಲ, ಗೊಜ್ಜಿನಲ್ಲಿ ಹುಳಿಯೂ ಉಪ್ಪೂ ಎಣ್ಣೆಯೂ ಇವೆ. ಅಕ್ಕಿಯನ್ನು ಒಬ್ಬರಿಗೆ ಒಂದು ಹೊತ್ತಿಗೆ ಸುಮಾರು 100 ಗ್ರಾಂ ಲೆಕ್ಕದಲ್ಲಿ ಕಟ್ಟಿಕೊಂಡರೆ ಸಾಕು. ಜೊತೆಗೆ ಒಂದು ದಿನಕ್ಕಾಗುವ ಒಣ ಬುತ್ತಿ ಹೆಚ್ಚಿಗೆ ಇರಲಿ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಜಲಾವೃತವಾದಾಗ ಯಾತ್ರಿಕರು ಮಹಡಿಗಳನ್ನೇರಿ ಕಾಯಬೇಕಾಯಿತೆಂಬುದನ್ನು ನಮ್ಮ ಕಡೆಯವರು ಮರೆಯಲಾರರು.

ಬೆಟ್ಟದ ಊರಿಗೆ ಹೋಗುವವರು ಒಂದು ಚಿಕ್ಕ ಪ್ರೆಶರ್ ಕುಕ್ಕರನ್ನು ಕೂಡ ಒಯ್ಯಬೇಕು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗನೆ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುವುದರಿಂದ, ಸುಮಾರು 2240 ಮೀಟರ್ ಎತ್ತರದ ಉದಕಮಂಡಲದಲ್ಲಿ ನೀರು 92-93 ಡಿಗ್ರಿಗೇ ಕುದಿಯತೊಡಗುತ್ತದೆ. ಕುದಿಯುವುದು ಬೇಗ, ಆದರೆ ಆ ಕಡಿಮೆ ಬಿಸಿಯಲ್ಲಿ ತೊಗರಿಬೇಳೆ ಬೇಯುವುದು ತಡ. ತೆರೆದ ಪಾತ್ರೆಯಲ್ಲಿ ಬೇಳೆಯಿಟ್ಟು ಕಾಯುತ್ತ ಕುಳಿತರೆ ಅರ್ಧ ದಿನ ಅಲ್ಲಿಯೇ ಕಳೆಯುತ್ತದೆ.

ಬೆಂಕಿಯ ಭಯ

ಇನ್ನು ಹೇಳಲೇಬೇಕಾದ ಕಠಿಣವಾದ ಮಾತು. ಸ್ವಯಂಪಾಕದ ಆಸೆಯಿಂದ ಅನಿಲದ ಚಿಕ್ಕ ಸಿಲಿಂಡರನ್ನೋ ಸೀಮೆಎಣ್ಣೆಯ ಸ್ಟೌವನ್ನೋ ಗಂಟಿನಲ್ಲಿ ಬಚ್ಚಿಟ್ಟು ರೈಲು ಹತ್ತುವವರು ಇಂದಿಗೂ ಇದ್ದಾರೆ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯ ರೈಲು ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿಗರ ಬೋಗಿಯೊಂದರಲ್ಲಿ ಬೆಂಕಿ ಹೊತ್ತಿ 9 ಜನರು ಸತ್ತರು. ಲಕ್ನೋ ಕಡೆಯಿಂದ ರಾಮೇಶ್ವರದ ಯಾತ್ರೆಗೆ ಬಂದವರು ಅವರು. ನಿಯಮಕ್ಕೆ ವಿರುದ್ಧವಾಗಿ ತಂದ ಅನಿಲದ ಸಿಲಿಂಡರಿನಿಂದ ಬೋಗಿಯೊಳಗೆ ಒಲೆ ಹಚ್ಚಿದ್ದೇ ಅದಕ್ಕೆ ಕಾರಣವಾಯಿತು. ದೇವರ ದರ್ಶನಕ್ಕೆ ಹೊರಟವರು ಒಂದು ಲೋಟ ಚಹಾದ ಆಸೆಗೆ ಪ್ರಾಣ ತೆತ್ತರು. 1989ರ ರೈಲ್ವೆ ಕಾಯಿದೆಯ ಪ್ರಕಾರ ಇಂಥ ಅಪಾಯಕಾರಿ ವಸ್ತುಗಳನ್ನು ಒಯ್ಯುವುದು ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಶಿಕ್ಷೆಗೆ ಅಂಜದಿದ್ದರೂ ಪಕ್ಕದಲ್ಲಿ ಮಲಗಿರುವ ಕಂದಮ್ಮಗಳಿಗಾಗಿ ಅಂಜಬೇಕು.

ಬಾಡಿಗೆಯ ಮನೆಗೆ ಕಾಲಿಟ್ಟೊಡನೆ ಅನಿಲದ ರಬ್ಬರ್ ಕೊಳವೆ ಬಿರಿದಿದೆಯೇ, ರೆಗ್ಯುಲೇಟರ್ ಸರಿಯಾಗಿ ಕೂತಿದೆಯೇ ನೋಡಬೇಕು. ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ, ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಎಲ್ಲರೂ ಹೊರಗೆ ಬರಬೇಕು. ಅನಿಲ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ 1906. ಚಳಿಯ ಊರಿನಲ್ಲಿ ಇದ್ದಿಲಿನ ಕೆಂಡವನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗುವುದಂತೂ ಮೃತ್ಯುವನ್ನು ಕರೆದಂತೆ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುವುದರಿಂದ ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ.

ಅನ್ನದ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಬೆಂದ ಅನ್ನದಲ್ಲಿ ಸಾಯದೆ ಉಳಿಯುವ ಕೆಲವು ರೋಗಾಣುಗಳ ಬೀಜಕಗಳು ಬೆಚ್ಚಗಿನ ಹವೆಯಲ್ಲಿ ಮೊಳೆತು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಆದುದರಿಂದ ಫ್ರಿಜ್ ಇಲ್ಲದ ಬಿಡಾರದಲ್ಲಿ ಅನ್ನವನ್ನು ಆ ಹೊತ್ತಿಗೆ ಬೇಕಾದಷ್ಟೇ ಮಾಡಬೇಕು.

ಬಿಟ್ಟು ಬರುವಾಗ

ಅಡುಗೆಗೆ ಅವಕಾಶ ಕೊಡುತ್ತಿದ್ದ ಅನೇಕ ವಸತಿಗೃಹಗಳ ಗೋಡೆಯ ಮೇಲೆ ಇಂದು ‘ಕೋಣೆಯಲ್ಲಿ ಅಡುಗೆ ಮಾಡಕೂಡದು’ ಎಂಬ ಫಲಕ ತೂಗುತ್ತದೆ. ಮಸಿ ಹಿಡಿದ ಗೋಡೆ, ಅನ್ನದ ಅಗುಳಿನಿಂದ ಕಟ್ಟಿಕೊಂಡ ಮೋರಿ, ಸುಟ್ಟ ಹಾಸುಗಳನ್ನು ಕಂಡ ಮಾಲಿಕರು ಬೇರೇನು ಮಾಡಿಯಾರು? ಆ ಫಲಕದಿಂದ ನಷ್ಟವಾಗುವುದು ಮುಂದೆ ಬರುವ ಬಡ ಸಂಸಾರಕ್ಕೆ, ಪಥ್ಯದ ರೋಗಿಗೆ, ಎಳೆಗೂಸಿನ ತಾಯಿಗೆ. ನಮಗೆ ಒಲೆ ಹೇಗೆ ಸಿಕ್ಕಿತೋ ಅದಕ್ಕಿಂತ ಒಂದು ಪಾಲು ಶುಚಿಯಾಗಿ ಬಿಟ್ಟು ಬರುವುದು ಅವರೆಲ್ಲರಿಗೆ ನಾವು ಮಾಡುವ ಉಪಕಾರ. ಉಳಿದ ದಿನಸಿಯನ್ನು ಎಸೆಯದೆ, ಮನೆ ನೋಡಿಕೊಳ್ಳುವವರಿಗೆ ಕೇಳಿ ಕೊಟ್ಟು ಬರಬಹುದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮದು. ಬಿಡಾರದ ಒಲೆ ಊಟವನ್ನು ನಮ್ಮಿಚ್ಛೆಗೆ ಬಿಡುತ್ತದೆ ನಿಜ; ಆ ಇಚ್ಛೆಯನ್ನು ನಡೆಸಿಕೊಡುವ ಕೈಗಳು ಯಾರವೆಂದು ಒಮ್ಮೆ ನೋಡಿಕೊಳ್ಳಬೇಕು. ಈ ಬೇಸಗೆಯಲ್ಲಿ ಪ್ರವಾಸಕ್ಕೆ ಹೊರಡುವ ನಮ್ಮ ಓದುಗ ಸಂಸಾರಗಳು ಗಂಟು ಕಟ್ಟುವ ಮುನ್ನಾದಿನ ಒಂದು ಹಾಳೆ ತೆಗೆದುಕೊಂಡು ಒಲೆಯ ಸರದಿಯನ್ನು ಬರೆಯಲಿ. ಆ ಪಟ್ಟಿಯಲ್ಲಿ ಮನೆಯೊಡತಿಯ ಹೆಸರು ಎಲ್ಲರ ಹೆಸರಿನಷ್ಟೇ ಸಲ ಬರಲಿ, ಹೆಚ್ಚು ಬೇಡ. ಬುತ್ತಿ, ಚಟ್ನಿಪುಡಿಗಳ ಜೊತೆಗೆ ಆ ಹಾಳೆಯನ್ನೂ ಮರೆಯದೆ ಒಯ್ಯಲಿ.